ಹಾರಲು ರೆಕ್ಕೆ ಸಾಲದು, ರಹದಾರಿ ಬೇಕು

2025ರ ಡಿಸೆಂಬರ್ ಮೊದಲ ವಾರ. ಹುಬ್ಬಳ್ಳಿಯ ಸಭಾಭವನವೊಂದರಲ್ಲಿ ಆರತಕ್ಷತೆ. ವೇದಿಕೆ ಸಿದ್ಧ, ಹೂವಿನ ಅಲಂಕಾರ ಸಿದ್ಧ, ಬಂಧು ಬಳಗವೆಲ್ಲ ಬಂದು ಕೂತಾಗಿದೆ. ಬರಬೇಕಾದವರು ಇಬ್ಬರೇ: ವಧು ಮತ್ತು ವರ. ಅವರು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ವಿಮಾನ ತಡವಾಗುತ್ತ ತಡವಾಗುತ್ತ ಕೊನೆಗೆ ರದ್ದೇ ಆಯಿತು. ಮದುಮಕ್ಕಳ ಕುರ್ಚಿಯಲ್ಲಿ ವಧುವಿನ ತಂದೆ ತಾಯಿ ಕೂತರು. ಮದುಮಕ್ಕಳು ದೂರದ ಊರಿನಲ್ಲೇ ಸಿಂಗರಿಸಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು.

ಆ ವಿಡಿಯೊ ನಮ್ಮೆಲ್ಲರ ಮೊಬೈಲ್‌ಗೂ ಬಂತು. ಧಾರವಾಡದ ಸಪ್ತಾಪುರದಲ್ಲಿ ನಾವು ಓದಲು ಕೂರುವ ರೀಡಿಂಗ್ ರೂಮಿನ ಹೊರಗೆ ಚಹಾ ಕುಡಿಯುತ್ತ ನೋಡಿ ನಕ್ಕೆವು. ಆಮೇಲೆ ನವಲಗುಂದ ಕಡೆಯ ಗೆಳೆಯನೊಬ್ಬ ಕೇಳಿದ: ‘ಒಂದ ಕಂಪನಿ ನಿಂತರ ದೇಶಕ್ಕ ದೇಶನ ನಿಲ್ಲತೈತಿ ಅಂದ್ರ, ಬ್ಯಾರೆ ಕಂಪನಿ ಯಾಕ ಬರಂಗಿಲ್ಲ? ಯಾರ್ ಬ್ಯಾಡ ಅಂದಾರ?’

ಕೆಪಿಎಸ್‌ಸಿ ಪರೀಕ್ಷೆಗೆಂದು ಪ್ರಚಲಿತ ವಿದ್ಯಮಾನಗಳ ನೋಟ್ಸ್ ಬರೆದು ಬರೆದು ಕೈ ನೋಯಿಸಿಕೊಂಡವರು ನಾವು. ಆದರೂ ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ‘ಬೇಡ’ ಅಂದವರು ಯಾರು ಅನ್ನುವುದಕ್ಕೆ ಉತ್ತರ ವಿಮಾನ ಹಾರಿಸಲು ಬೇಕಾದ ಲೈಸೆನ್ಸಿನಲ್ಲಿದೆ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಹುಬ್ಬಳ್ಳಿಯದೇ.

ಅಂದು ಆಗಿದ್ದೇನು?

ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಬಗ್ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೊಸ ನಿಯಮ ಮಾಡಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ವೇಳೆಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಮೊದಲ ಹಂತ 2025ರ ಜುಲೈ 1ರಿಂದ, ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂತು. ದೇಶದೊಳಗಿನ ವಿಮಾನ ಪ್ರಯಾಣಿಕರಲ್ಲಿ ಶೇ 60ಕ್ಕೂ ಹೆಚ್ಚು ಮಂದಿಯನ್ನು ಒಯ್ಯುವ ಇಂಡಿಗೋ ಬಳಿ ಹೊಸ ನಿಯಮಕ್ಕೆ ಸಾಕಾಗುವಷ್ಟು ಪೈಲಟ್‌ಗಳ ವ್ಯವಸ್ಥೆ ಇರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕೊನೆಗೆ ಡಿಜಿಸಿಎ ಆ ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿತು. ಜೊತೆಗೆ ಅದರ ಚಳಿಗಾಲದ ವೇಳಾಪಟ್ಟಿಯಲ್ಲಿ ಶೇ 10ರಷ್ಟು ಕಡಿತವನ್ನೂ ಮಾಡಲಾಯಿತು.

ಹುಬ್ಬಳ್ಳಿಯಿಂದ ಹಾರುವ ವಿಮಾನಗಳಲ್ಲೂ ಹೆಚ್ಚಿನವು ಇದೇ ಸಂಸ್ಥೆಯವು. ದೊಡ್ಡ ನಗರದಲ್ಲಿ ಒಂದು ವಿಮಾನ ರದ್ದಾದರೆ, ದುಬಾರಿಯಾದರೂ ಸರಿ, ಇನ್ನೊಂದು ಸಿಗಬಹುದು. ನಮ್ಮಂಥ ಊರಿನಲ್ಲಿ ಅದು ರದ್ದಾದರೆ ರಾತ್ರಿ ಬಸ್ಸೇ ಗತಿ.

ಡಿಸೆಂಬರ್ ಕೊನೆಯ ವಾರದಲ್ಲಿ ಇನ್ನೊಂದು ಸುದ್ದಿ ಬಂತು. ಅಲ್ ಹಿಂದ್ ಏರ್ ಮತ್ತು ಫ್ಲೈ ಎಕ್ಸ್‌ಪ್ರೆಸ್ ಎಂಬ ಎರಡು ಹೊಸ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ನಿರಾಕ್ಷೇಪಣಾ ಪತ್ರ ಕೊಟ್ಟಿದೆ, ಶಂಖ್ ಏರ್‌ಗೆ ಮೊದಲೇ ಸಿಕ್ಕಿದೆ ಎಂದು ನಾಗರಿಕ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ಹೇಳಿದರು. ‘ಮೂರು ಹೊಸ ವಿಮಾನ ಕಂಪನಿ ಬಂದವು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಬಂದಿದ್ದು ಕಂಪನಿಯಲ್ಲ, ಒಂದು ಕಾಗದ. ಆ ಕಾಗದಕ್ಕೂ ವಿಮಾನಕ್ಕೂ ನಡುವೆ ಎಷ್ಟು ದೂರವಿದೆ ನೋಡೋಣ.

ಬಸ್ಸಿನ ಪರ್ಮಿಟ್, ವಿಮಾನದ ಪರವಾನಗಿ

ಗೋಕುಲ ರಸ್ತೆಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ವಿಮಾನ ನಿಲ್ದಾಣ. ವಿಮಾನದ ಲೈಸೆನ್ಸ್ ಅರ್ಥ ಮಾಡಿಕೊಳ್ಳಲು ಬಸ್ಸಿನಿಂದಲೇ ಶುರು ಮಾಡುವುದು ಸುಲಭ.

ಸಾರಿಗೆ ಸಂಸ್ಥೆಯ ಬಸ್ಸು ವೇಳಾಪಟ್ಟಿಯಂತೆ ಓಡುತ್ತದೆ. ಒಬ್ಬರೇ ಇದ್ದರೂ ಟಿಕೆಟ್ ಕೊಟ್ಟು ಒಯ್ಯುತ್ತದೆ. ಮದುವೆ ದಿಬ್ಬಣಕ್ಕೆ ಹಿಡಿಯುವ ಬಸ್ಸು ಹಾಗಲ್ಲ. ಇಡೀ ಬಸ್ಸನ್ನೇ ಬಾಡಿಗೆಗೆ ತೆಗೆದುಕೊಳ್ಳಬೇಕು. ಎರಡಕ್ಕೂ ಪರ್ಮಿಟ್ ಬೇರೆ ಬೇರೆ. ವಿಮಾನದಲ್ಲೂ ಹೀಗೆಯೇ. ವೇಳಾಪಟ್ಟಿ ಪ್ರಕಟಿಸಿ ಟಿಕೆಟ್ ಮಾರುವುದು ನಿಗದಿತ ಸೇವೆ. ಬೇಕೆಂದವರಿಗೆ ಬೇಕಾದಾಗ ಹಾರಿಸುವುದು ಅನಿಗದಿತ ಸೇವೆ, ನಮ್ಮ ಮಾತಿನಲ್ಲಿ ಚಾರ್ಟರ್.

ಇದಕ್ಕೆ ಹುಬ್ಬಳ್ಳಿಯದೇ ಉದಾಹರಣೆ ಇದೆ. 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಆರಂಭಿಸಿ ವಿಜಯ ಸಂಕೇಶ್ವರ ಅವರು ಕಟ್ಟಿದ ವಿಆರ್‌ಎಲ್, ಲಾರಿ ಮತ್ತು ಬಸ್ಸಿನ ಜೊತೆಗೆ ಚಾರ್ಟರ್ ವಿಮಾನದ ವ್ಯವಹಾರವನ್ನೂ ನಡೆಸಿತ್ತು. ಅಂದರೆ ಅನಿಗದಿತ ಸೇವೆಯ ಅನುಮತಿ ಹುಬ್ಬಳ್ಳಿಯ ಕಂಪನಿಯೊಂದರ ಕೈಯಲ್ಲೇ ಇತ್ತು. 2015ರ ಕೊನೆಗೆ ಅದರ ಪ್ರವರ್ತಕರು ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದನ್ನು ಕಟ್ಟುವ ಯೋಚನೆಯನ್ನು ಮುಂದಿಟ್ಟರು. ಷೇರುದಾರರು ಗಾಬರಿಯಾದರು, ಷೇರಿನ ಬೆಲೆ ಕುಸಿಯಿತು. ಕೆಲವೇ ತಿಂಗಳಲ್ಲಿ ಆ ಯೋಚನೆಯನ್ನು ಕೈಬಿಡಲಾಯಿತು. ಸಾವಿರಾರು ಲಾರಿ ಓಡಿಸಿ ಗೊತ್ತಿದ್ದವರಿಗೂ ಚಾರ್ಟರ್‌ನಿಂದ ನಿಗದಿತ ಸೇವೆಗೆ ಜಿಗಿಯುವುದು ಸಲೀಸಾಗಿರಲಿಲ್ಲ.

ಯಾಕೆ ಸಲೀಸಲ್ಲ? ನಿಗದಿತ ಸೇವೆಗೆ ಎರಡು ಬಾಗಿಲು ದಾಟಬೇಕು.

ಮೊದಲನೆಯದು ಸಚಿವಾಲಯದ ನಿರಾಕ್ಷೇಪಣಾ ಪತ್ರ, ಎನ್‌ಒಸಿ. ಕಂಪನಿ ಭಾರತದಲ್ಲಿ ನೋಂದಣಿಯಾಗಿರಬೇಕು. ಅಧ್ಯಕ್ಷರು ಮತ್ತು ನಿರ್ದೇಶಕರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿ ಭಾರತೀಯ ನಾಗರಿಕರಾಗಿರಬೇಕು. ವಿದೇಶಿ ವಿಮಾನಯಾನ ಸಂಸ್ಥೆಯ ಪಾಲು ಶೇ 49 ಮೀರುವಂತಿಲ್ಲ. ನಿರ್ದೇಶಕರ ಹಿನ್ನೆಲೆಯನ್ನು ಗೃಹ ಇಲಾಖೆ ಪರಿಶೀಲಿಸುತ್ತದೆ. ದುಡ್ಡು ಎಲ್ಲಿಂದ ಬರುತ್ತದೆ, ಯಾವ ವಿಮಾನ ತರುತ್ತೀರಿ ಎಂಬುದನ್ನೂ ಹೇಳಬೇಕು. ಇಷ್ಟಾದರೆ ಸಿಗುವುದು ‘ನೀವು ಪ್ರಯತ್ನ ಮಾಡಲು ನಮ್ಮ ಆಕ್ಷೇಪವಿಲ್ಲ’ ಎಂಬ ಮಾತು ಮಾತ್ರ.

ಎರಡನೆಯದು ಡಿಜಿಸಿಎ ಕೊಡುವ ಏರ್ ಆಪರೇಟರ್ ಸರ್ಟಿಫಿಕೇಟ್, ಎಒಸಿ. ನಿಜವಾದ ಪರೀಕ್ಷೆ ಇದೇ. ಅರ್ಜಿಗೆ ಮುನ್ನದ ಸಭೆಯಿಂದ ಪ್ರಮಾಣಪತ್ರದವರೆಗೆ ಐದು ಹಂತ. ಬಂಡವಾಳಕ್ಕೂ ಒಂದು ಗೆರೆ ಇದೆ. 40 ಟನ್‌ಗಿಂತ ಹೆಚ್ಚು ತೂಕದ ವಿಮಾನಗಳಾದರೆ ಐದು ವಿಮಾನಗಳವರೆಗೆ ಕನಿಷ್ಠ 50 ಕೋಟಿ ರೂಪಾಯಿ, ಎಟಿಆರ್‌ನಂಥ ಹಗುರ ವಿಮಾನಗಳಾದರೆ 20 ಕೋಟಿ. ಹಾರಾಟ, ಎಂಜಿನಿಯರಿಂಗ್, ತರಬೇತಿ, ಸುರಕ್ಷತೆ ಒಂದೊಂದಕ್ಕೂ ಹೊಣೆ ಹೊರುವ ಅರ್ಹ ಅಧಿಕಾರಿ ಇರಬೇಕು. ಪ್ರತಿಯೊಂದು ಕೆಲಸ ಹೇಗೆ ಮಾಡುತ್ತೀರಿ ಎಂಬುದಕ್ಕೆ ಕೈಪಿಡಿ ಬರೆದು ಒಪ್ಪಿಗೆ ಪಡೆಯಬೇಕು. ತುರ್ತು ಹೊತ್ತಿನಲ್ಲಿ ಪ್ರಯಾಣಿಕರನ್ನು ಹೇಗೆ ಹೊರಗೆ ಕಳಿಸುತ್ತೀರಿ ಎಂದು ಮಾಡಿ ತೋರಿಸಬೇಕು. ಕೊನೆಗೆ ಟಿಕೆಟ್ ಮಾರದೆ, ಡಿಜಿಸಿಎ ಅಧಿಕಾರಿಗಳನ್ನು ಕೂರಿಸಿಕೊಂಡು ಪರೀಕ್ಷಾ ಹಾರಾಟ ನಡೆಸಬೇಕು. ಸರ್ಟಿಫಿಕೇಟ್ ಜೊತೆಗೆ ಬರುವ ವಿವರ ಪಟ್ಟಿಯಲ್ಲಿ ಯಾವ ವಿಮಾನ, ಯಾವ ಬಗೆಯ ಹಾರಾಟ, ಯಾವ ಪ್ರದೇಶ ಎಂದು ಬರೆದಿರುತ್ತದೆ. ಅದರಲ್ಲಿ ಇಲ್ಲದ್ದನ್ನು ಮಾಡುವಂತಿಲ್ಲ.

ಎಷ್ಟು ಸಮಯ ಬೇಕು? ದೊಡ್ಡ ಬಂಡವಾಳವಿದ್ದ ಆಕಾಸ ಏರ್‌ಗೆ 2021ರ ಅಕ್ಟೋಬರ್‌ನಲ್ಲಿ ಎನ್‌ಒಸಿ ಸಿಕ್ಕಿತು, 2022ರ ಜುಲೈ 7ರಂದು ಎಒಸಿ ಸಿಕ್ಕಿತು, ಆಗಸ್ಟ್ 7ರಂದು ಮೊದಲ ವಿಮಾನ ಹಾರಿತು. ಎಲ್ಲವೂ ಸರಿಯಾಗಿದ್ದರೂ ಹತ್ತು ತಿಂಗಳು. ಇನ್ನೊಂದು ಕಡೆ, 2019ರಲ್ಲಿ ನಿಂತುಹೋಗಿದ್ದ ಜೆಟ್ ಏರ್‌ವೇಸ್‌ಗೆ 2022ರ ಮೇ ತಿಂಗಳಲ್ಲಿ ಸರ್ಟಿಫಿಕೇಟ್ ಮತ್ತೆ ಸಿಕ್ಕಿತು. ಆದರೆ ಒಂದು ವಿಮಾನವೂ ಟಿಕೆಟ್ ಮಾರಿ ಹಾರಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶಿಸಿತು. ಹಾಗಾಗಿ ಎನ್‌ಒಸಿ ಸುದ್ದಿ ಓದಿ ಟಿಕೆಟ್ ಬುಕ್ ಮಾಡಲು ಕೂರಬೇಡಿ.

ಬಾಗಿಲು ತೆರೆದಾಗ, ಮುಚ್ಚಿದಾಗ

ಇಷ್ಟೆಲ್ಲ ನಿಯಮ ಯಾಕೆ, ಯಾರು ಬೇಕಾದರೂ ಹಾರಿಸಲಿ, ಮಾರುಕಟ್ಟೆ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಅದನ್ನೂ ನಮ್ಮ ದೇಶ ಒಮ್ಮೆ ನೋಡಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಹೊಸ ಹೊಸ ಕಂಪನಿಗಳು ಹುಟ್ಟಿದವು, ಲೈಸೆನ್ಸ್‌ಗಳೂ ಧಾರಾಳವಾಗಿ ಸಿಕ್ಕವು. ಇದ್ದ ಪ್ರಯಾಣಿಕರು ಎಲ್ಲರಿಗೂ ಸಾಲಲಿಲ್ಲ, ನಷ್ಟ ಬೆಳೆಯಿತು. ಅಗತ್ಯಕ್ಕಿಂತ ಹೆಚ್ಚು ಕಂಪನಿಗಳಿಗೆ ಲೈಸೆನ್ಸ್ ಕೊಡಲಾಗಿದೆ ಎಂದು 1950ರಲ್ಲಿ ರಾಜಾಧ್ಯಕ್ಷ ಸಮಿತಿ ಹೇಳಿತು. 1953ರಲ್ಲಿ ಸರ್ಕಾರ ಎಲ್ಲವನ್ನೂ ರಾಷ್ಟ್ರೀಕರಣ ಮಾಡಿತು. ಎಂಟು ಸಂಸ್ಥೆಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು.

ಆಮೇಲೆ ಬಾಗಿಲು ಮುಚ್ಚಿದ್ದು ನಾಲ್ಕು ದಶಕ. 1994ರಲ್ಲಿ ಆ ಕಾಯ್ದೆ ರದ್ದಾಗಿ ಖಾಸಗಿಯವರಿಗೆ ನಿಗದಿತ ಸೇವೆಯ ಹಾದಿ ಅಧಿಕೃತವಾಗಿ ತೆರೆಯಿತು. ಹುಬ್ಬಳ್ಳಿಯ ಪಾಲಿಗೆ ಅದರ ಫಲ ಕಂಡದ್ದು 2003ರಲ್ಲಿ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆಯಿಂದ ಬಂದು, ಬೇಸಾಯ ಮಾಡಿ, ಹೆಲಿಕಾಪ್ಟರ್ ಚಾರ್ಟರ್ ನಡೆಸಿ, ಆಮೇಲೆ ಏರ್ ಡೆಕ್ಕನ್ ಕಟ್ಟಿದರು. ‘ಸೂರರೈ ಪೋಟ್ರು’ ಸಿನಿಮಾ ನೋಡಿದವರಿಗೆ ಅವರ ಕಥೆ ಗೊತ್ತು. 2003ರ ಆಗಸ್ಟ್‌ನಲ್ಲಿ ಆರಂಭವಾದ ಏರ್ ಡೆಕ್ಕನ್ನಿನ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಒಂದು. ದೆಹಲಿ, ಮುಂಬೈ ಬಿಟ್ಟು ಹುಬ್ಬಳ್ಳಿಯಂಥ ಊರನ್ನು ಆರಿಸಿಕೊಂಡದ್ದೇ ಅವರ ಲೆಕ್ಕಾಚಾರ: ವಿಮಾನವನ್ನೇ ಹತ್ತದವರು ಇರುವ ಕಡೆ ಹೋಗಬೇಕು. ನಮ್ಮ ಅಪ್ಪ ಅಮ್ಮನ ತಲೆಮಾರಿನ ಎಷ್ಟೋ ಮಂದಿ ಮೊದಲ ಸಲ ವಿಮಾನ ಹತ್ತಿದ್ದು ಆ ಎಟಿಆರ್‌ನಲ್ಲೇ.

ಐದು ವರ್ಷ, ಇಪ್ಪತ್ತು ವಿಮಾನ

ಈಗ ಕಥೆಯ ತಿರುವು. 2004ರ ಕೊನೆಯಲ್ಲಿ ಕೇಂದ್ರ ಸರ್ಕಾರ ಖಾಸಗಿ ಸಂಸ್ಥೆಗಳಿಗೆ ವಿದೇಶಕ್ಕೆ ಹಾರಲು ಅವಕಾಶ ಕೊಟ್ಟಿತು. ಆದರೆ ಎರಡು ಷರತ್ತು. ದೇಶದೊಳಗೆ ಐದು ವರ್ಷ ಹಾರಿರಬೇಕು, ಕನಿಷ್ಠ 20 ವಿಮಾನ ಇರಬೇಕು. ಪತ್ರಿಕೆಗಳು ಇದನ್ನು ‘5/20 ನಿಯಮ’ ಎಂದು ಕರೆದವು.

2005ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಶುರುವಾಯಿತು. ಅವರ ಕಣ್ಣು ಲಂಡನ್ ಮೇಲೆ. ಆದರೆ ಐದು ವರ್ಷವಾಗುವುದು 2010ಕ್ಕೆ. 2003ರಲ್ಲಿ ಹುಟ್ಟಿದ ಏರ್ ಡೆಕ್ಕನ್‌ಗೆ ಐದು ವರ್ಷ ತುಂಬುವುದು 2008ರ ಆಗಸ್ಟ್‌ಗೆ. 2007ರಲ್ಲಿ ಮಲ್ಯ ಅವರ ಗುಂಪು ಡೆಕ್ಕನ್ನಿನ ಪಾಲನ್ನು ಕೊಂಡಿತು. 2008ರಲ್ಲಿ ಎರಡೂ ಒಂದಾದವು. ಕಾಗದದ ಮೇಲೆ ದೊಡ್ಡದಾದ ಕಿಂಗ್‌ಫಿಷರ್ ಸಣ್ಣ ಡೆಕ್ಕನ್ನಿನೊಳಗೆ ಸೇರಿತು, ಹೆಸರು ಮಾತ್ರ ಕಿಂಗ್‌ಫಿಷರ್ ಆಯಿತು. ಹೀಗೆ ಮಾಡಿದ್ದರಿಂದ ಡೆಕ್ಕನ್ನಿನ ವಯಸ್ಸು ಕಿಂಗ್‌ಫಿಷರ್‌ಗೆ ಸಿಕ್ಕಿತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರು–ಲಂಡನ್ ವಿಮಾನ ಹಾರಿತು.

ಡೆಕ್ಕನ್ ಮುಳುಗಲು ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅದು ನಷ್ಟದಲ್ಲಿತ್ತು, ಹಣ ಬೇಕಾಗಿತ್ತು. ಆದರೆ ಅದನ್ನು ಕೊಂಡವರಿಗೆ ಅದರ ಐದು ವರ್ಷದ ಲೈಸೆನ್ಸೂ ಒಂದು ಆಸ್ತಿಯಾಗಿತ್ತು. ಹುಬ್ಬಳ್ಳಿಗೆ ಹಾರಿ ಹಾರಿ ಗಳಿಸಿದ ಆ ವರ್ಷಗಳು ಲಂಡನ್ನಿನ ಹಾದಿಗೆ ಟಿಕೆಟ್ ಆದವು. ಮುಂದೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಸಾಲ ಏರಿತು, ಸಂಬಳ ನಿಂತಿತು. 2012ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಕಿಂಗ್‌ಫಿಷರ್‌ನ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಹುಬ್ಬಳ್ಳಿಗೆ ಡೆಕ್ಕನ್ ತಂದ ಸೇವೆಯೂ ಅದರ ಜೊತೆಗೇ ಹೋಯಿತು.

ಈ 5/20 ನಿಯಮದಿಂದ ಯಾರಿಗೆ ಲಾಭವಾಯಿತು? ಪ್ರಯಾಣಿಕರ ಸುರಕ್ಷತೆಗೆ ಅಂದುಕೊಂಡರೆ, ಸುರಕ್ಷತೆಗೆ ಬೇಕಾದ ಎಲ್ಲ ಪರೀಕ್ಷೆಗಳೂ ಎಒಸಿಯಲ್ಲೇ ಇದ್ದವು. ನಾಲ್ಕು ವರ್ಷವಾದ ಸಂಸ್ಥೆ ಹುಬ್ಬಳ್ಳಿಗೆ ಹಾರಲು ಸುರಕ್ಷಿತ, ದುಬೈಗೆ ಹಾರಲು ಅಸುರಕ್ಷಿತ ಎನ್ನಲು ಬರುತ್ತದೆಯೇ? ಇನ್ನೂ ವಿಚಿತ್ರವೆಂದರೆ 2009ರಲ್ಲಿ ಹಾರಾಟ ಆರಂಭಿಸಿದ ಫ್ಲೈದುಬೈ ಮರುವರ್ಷವೇ ಭಾರತಕ್ಕೆ ಹಾರಿತು. ವಿದೇಶಿ ಸಂಸ್ಥೆಗೆ ಇಲ್ಲದ ಐದು ವರ್ಷದ ವನವಾಸ ನಮ್ಮ ಸಂಸ್ಥೆಗಳಿಗೆ ಮಾತ್ರ ಇತ್ತು. ಆಗಲೇ ಒಳಗಿದ್ದವರಿಗೆ ಹೊಸಬರ ಪೈಪೋಟಿಯಿಂದ ರಕ್ಷಣೆ ಸಿಕ್ಕಿತು, ಅಷ್ಟೆ.

2016ರ ಜೂನ್‌ನಲ್ಲಿ ಬಂದ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಐದು ವರ್ಷದ ಷರತ್ತನ್ನು ಕೈಬಿಟ್ಟಿತು. ಆದರೆ ವಿದೇಶಕ್ಕೆ ಹಾರುವ ಸಂಸ್ಥೆ 20 ವಿಮಾನಗಳನ್ನು ಅಥವಾ ತನ್ನ ಒಟ್ಟು ಸಾಮರ್ಥ್ಯದ ಶೇ 20ರಷ್ಟನ್ನು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು, ದೇಶದೊಳಗೆ ಹಾರಿಸಬೇಕು ಎಂಬ ಷರತ್ತು ಉಳಿಯಿತು. ಇದರ ಪರಿಣಾಮ ಕಣ್ಣೆದುರಿಗಿದೆ. 2022ರಲ್ಲಿ ಶುರುವಾದ ಆಕಾಸ ಏರ್ 2024ರ ಮಾರ್ಚ್ 28ರಂದು ಮುಂಬೈನಿಂದ ದೋಹಾಗೆ ಹಾರಿತು. ಹಳೆಯ ನಿಯಮವಿದ್ದಿದ್ದರೆ 2027ರವರೆಗೆ ಕಾಯಬೇಕಿತ್ತು.

ವಿದೇಶಕ್ಕೆ ಲೈಸೆನ್ಸ್ ಒಂದೇ ಸಾಲದು

‘ಹುಬ್ಬಳ್ಳಿಯಿಂದ ದುಬೈಗೆ ವಿಮಾನ ಯಾವಾಗ?’ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಉತ್ತರ ಕರ್ನಾಟಕದಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಗೋವಾ ಇಲ್ಲವೇ ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಕು. ನೇರ ವಿಮಾನಕ್ಕೆ ಮೂರು ಬೀಗ ತೆರೆಯಬೇಕು.

ಒಂದು, ಸಂಸ್ಥೆಯ ಬೀಗ. ಅದಕ್ಕೆ ಮೇಲೆ ಹೇಳಿದ 20 ವಿಮಾನಗಳ ಷರತ್ತು. ಸಣ್ಣ ಊರುಗಳನ್ನೇ ನಂಬಿಕೊಂಡ, ಕೆಲವೇ ವಿಮಾನಗಳ ಸಂಸ್ಥೆಗೆ ಇದು ದಾಟಲಾಗದ ಗೆರೆ.

ಎರಡು, ದೇಶಗಳ ನಡುವಿನ ಬೀಗ. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿಯೊಂದು ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ಅನುಮತಿಯಿಲ್ಲದೆ ಯಾವ ನಿಗದಿತ ವಿಮಾನವೂ ಬರುವಂತಿಲ್ಲ. ಹಾಗಾಗಿ ಎರಡೆರಡು ದೇಶಗಳು ಕೂತು ವಾರಕ್ಕೆ ಎಷ್ಟು ಸೀಟು, ಯಾವ ಯಾವ ಊರು ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಭಾರತ ಮತ್ತು ದುಬೈ ನಡುವೆ ಒಂದೊಂದು ಕಡೆಯ ಸಂಸ್ಥೆಗಳಿಗೆ ವಾರಕ್ಕೆ ಸುಮಾರು 66 ಸಾವಿರ ಸೀಟುಗಳ ಮಿತಿ ಇದೆ. ವಿದೇಶಿ ಸಂಸ್ಥೆಗೆ ಒಪ್ಪಂದದ ಪಟ್ಟಿಯಲ್ಲಿ ಇಲ್ಲದ ಊರಿಗೆ ಬರುವ ಹಕ್ಕಿಲ್ಲ.

ಮೂರು, ನಿಲ್ದಾಣದ ಬೀಗ. ಕಸ್ಟಮ್ಸ್, ವಲಸೆ ತಪಾಸಣೆ, ಆರೋಗ್ಯ ತಪಾಸಣೆ ಇಲ್ಲದ ನಿಲ್ದಾಣಕ್ಕೆ ವಿದೇಶಿ ವಿಮಾನ ಬರಲಾರದು. ಮಂಗಳೂರು ಈ ಬೀಗವನ್ನು ಮೊದಲೇ ತೆರೆಯಿತು. 2006ರಲ್ಲೇ ಅಲ್ಲಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಿತು, ‘ಅಂತರರಾಷ್ಟ್ರೀಯ’ ಎಂಬ ಹೆಸರು ಬಂದದ್ದು 2012ರಲ್ಲಿ. ಹೆಸರಿಗಿಂತ ಕೆಲಸ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ. ಹುಬ್ಬಳ್ಳಿಯ ರನ್‌ವೇ ಈಗ 2,600 ಮೀಟರ್ ಇದೆ, ಹೊಸ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ. ಕಟ್ಟಡಕ್ಕಾಗಿ ಒತ್ತಾಯಿಸುವ ನಮ್ಮ ಮುಖಂಡರು ಉಳಿದ ಎರಡು ಬೀಗಗಳ ಬಗ್ಗೆಯೂ ದೆಹಲಿಯಲ್ಲಿ ಮಾತಾಡಬೇಕು.

ಉಡಾನ್ ಕೊಟ್ಟದ್ದು, ಕೊಡದಿದ್ದದ್ದು

ಸಣ್ಣ ಊರಿಗೆ ಹಾರುವವರಿಗೆಂದೇ 2016ರಲ್ಲಿ ಉಡಾನ್ ಯೋಜನೆ ಬಂತು. ಒಂದಷ್ಟು ಸೀಟುಗಳ ದರಕ್ಕೆ ಮಿತಿ, ಅದಕ್ಕೆ ಬದಲಾಗಿ ಸಂಸ್ಥೆಗೆ ಸರ್ಕಾರದ ನೆರವು, ಮೂರು ವರ್ಷ ಆ ಮಾರ್ಗದಲ್ಲಿ ಏಕೈಕ ಹಕ್ಕು. ಹುಬ್ಬಳ್ಳಿಯೂ ಅದರಲ್ಲಿ ಸೇರಿತು. ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್ ತನ್ನ ಹಾರಾಟವನ್ನು ಆರಂಭಿಸಿದ್ದು 2019ರ ಜನವರಿಯಲ್ಲಿ, ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದಲೇ. ಹದಿನಾರು ವರ್ಷಗಳಲ್ಲಿ ಎರಡನೇ ಸಲ ಹೊಸ ಸಂಸ್ಥೆಯೊಂದು ನಮ್ಮ ಊರನ್ನು ನಂಬಿ ಹೆಜ್ಜೆ ಇಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿ ಪಕ್ಕದ ಹಿಂಡನ್‌ಗೂ ವಿಮಾನ ಬಂತು.

ಆದರೆ ದೇಶದ ಒಟ್ಟು ಲೆಕ್ಕ ಅಷ್ಟು ಚೆನ್ನಾಗಿಲ್ಲ. 2023ರ ಸಿಎಜಿ ವರದಿ ಪ್ರಕಾರ ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ಅಂದರೆ ಬಾಗಿಲು ತೆರೆದರೆ ಸಾಲದು. ಒಳಗೆ ಬಂದವನು ನಿಲ್ಲಲು ಇಂಧನದ ತೆರಿಗೆ, ವಿಮಾನದ ಬಾಡಿಗೆ, ಪೈಲಟ್‌ಗಳ ಲಭ್ಯತೆ ಎಲ್ಲವೂ ಕೈಹಿಡಿಯಬೇಕು.

ಸಡಿಲಿಸಬಾರದ ನಿಯಮ

ಇಷ್ಟು ಓದಿದ ಮೇಲೆ ‘ನಿಯಮವೆಲ್ಲ ಕಾಟ’ ಅನಿಸಬಹುದು. ನನಗೂ ಅನಿಸಿತ್ತು. ಮಂಗಳೂರಿನ ದುರಂತದ ವಿವರ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

2010ರ ಮೇ 22ರ ಬೆಳಗಿನ ಜಾವ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಜನ ಸತ್ತರು. ಕೊಲ್ಲಿಯಲ್ಲಿ ದುಡಿದು ಮನೆಗೆ ಬರುತ್ತಿದ್ದ ಕರಾವಳಿ ಮತ್ತು ಕಾಸರಗೋಡಿನ ಜನರೇ ಹೆಚ್ಚು. ತನಿಖೆಯಲ್ಲಿ ತಿಳಿದದ್ದು: ಹಾರಾಟದ ಹೆಚ್ಚಿನ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎಚ್ಚರಗೊಂಡ ಮೇಲೂ ಆ ಮಂಪರಿನಲ್ಲಿ ಅವರ ನಿರ್ಧಾರ ತಪ್ಪಿತು. ‘ಮತ್ತೆ ಮೇಲೆ ಹೋಗೋಣ’ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದನ್ನು ಕೇಳಲಿಲ್ಲ.

2025ರ ವಿಶ್ರಾಂತಿ ನಿಯಮವನ್ನು ಈ ಬೆಳಕಿನಲ್ಲಿ ನೋಡಿ. ಡಿಸೆಂಬರ್‌ನಲ್ಲಿ ನಮಗೆ ತೊಂದರೆ ಕೊಟ್ಟದ್ದು ಆ ನಿಯಮವಲ್ಲ. ನಿಯಮ ಬರುತ್ತದೆಂದು ಗೊತ್ತಿದ್ದೂ ಸಿದ್ಧವಾಗದ ಸಂಸ್ಥೆ, ಅದು ನಿಂತರೆ ತುಂಬಲು ಬೇರೆಯವರಿಲ್ಲದ ಮಾರುಕಟ್ಟೆ. ಒಂದೇ ಸಂಸ್ಥೆ ಇಷ್ಟು ದೊಡ್ಡದಾದಾಗ ಅದು ತಪ್ಪು ಮಾಡಿದರೂ ವಿನಾಯಿತಿ ಕೊಡದೆ ಸರ್ಕಾರಕ್ಕೆ ಬೇರೆ ದಾರಿ ಇರುವುದಿಲ್ಲ. ಪೈಪೋಟಿ ಇಲ್ಲದಿದ್ದರೆ ಸುರಕ್ಷತೆಯ ನಿಯಮವೂ ಬಾಗುತ್ತದೆ ಎಂಬುದು ನಾವು ಕಲಿಯಬೇಕಾದ ಪಾಠ.

ಹಾಗಾಗಿ ಲೈಸೆನ್ಸಿನ ಪ್ರತಿಯೊಂದು ಷರತ್ತಿಗೂ ಒಂದೇ ಪ್ರಶ್ನೆ ಕೇಳಬೇಕು: ಇದು ಪ್ರಯಾಣಿಕನ ಜೀವಕ್ಕೋ, ಒಳಗಿರುವವರ ಲಾಭಕ್ಕೋ? ಪೈಲಟ್‌ನ ವಿಶ್ರಾಂತಿ, ಪರೀಕ್ಷಾ ಹಾರಾಟ, ಎಂಜಿನಿಯರ್‌ನ ಸಹಿ ಮೊದಲನೆಯದಕ್ಕೆ ಸೇರಿದವು. ಇವನ್ನು ಒಂದಿಂಚೂ ಸಡಿಲಿಸಬಾರದು. 5/20 ಎರಡನೆಯದಕ್ಕೆ ಸೇರಿತ್ತು, ಹೋಯಿತು. ಉಳಿದಿರುವ 20 ವಿಮಾನಗಳ ಷರತ್ತಿಗೆ ‘ದೇಶದೊಳಗಿನ ಸೇವೆ ಕಡಿಮೆಯಾಗದಿರಲಿ’ ಎಂಬ ಸಮರ್ಥನೆ ಇದೆ. ಆದರೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗೆ ಹಾರುವ ಸಣ್ಣ ಸಂಸ್ಥೆಗೆ ವಾರಕ್ಕೆ ಎರಡು ವಿದೇಶಿ ಹಾರಾಟದ ಅವಕಾಶ ಸಿಕ್ಕರೆ, ಅದರ ಲಾಭದಲ್ಲಿ ಊರಿನ ನಷ್ಟದ ಮಾರ್ಗವನ್ನೂ ಉಳಿಸಿಕೊಳ್ಳಬಹುದು. ಸಂಖ್ಯೆಗೆ ಬದಲು ಸಣ್ಣ ಊರುಗಳಿಗೆ ಎಷ್ಟು ಹಾರುತ್ತೀರಿ ಎಂಬುದನ್ನೇ ಅಳತೆಗೋಲು ಮಾಡಿದರೆ ನಮ್ಮಂಥ ಊರುಗಳಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೈಯಲ್ಲಿರುವ ಕಾಗದ

ಈ ಪುಟ ಓದುವವರಲ್ಲಿ ವಿಮಾನ ಕಂಪನಿ ಕಟ್ಟುವವರು ವಿರಳ, ಅದರಲ್ಲಿ ಕೆಲಸ ಹುಡುಕುವವರು ಬಹಳ. ಅವರಿಗೂ ಇದೇ ಪಾಠ ಅನ್ವಯಿಸುತ್ತದೆ.

ನನ್ನ ಚಿಕ್ಕಪ್ಪನ ಮಗ ಪಿಯುಸಿ ಮುಗಿಸಿ ನಗರದ ಒಂದು ಸಂಸ್ಥೆಯಲ್ಲಿ ‘ಏವಿಯೇಷನ್ ಡಿಪ್ಲೊಮಾ’ ಸೇರಿದ. ಫ್ಲೆಕ್ಸ್ ಮೇಲೆ ದೊಡ್ಡ ವಿಮಾನ, ಪಕ್ಕದಲ್ಲಿ ‘ಡಿಜಿಸಿಎ’ ಎಂಬ ಅಕ್ಷರ, ಕೆಳಗೆ ‘ಶೇ 100 ಉದ್ಯೋಗ’. ಆ ವರ್ಷ ಹೆಸರು ಮಾರಿ ಬಂದ ದುಡ್ಡೆಲ್ಲ ಫೀಸಿಗೆ ಹೋಯಿತು. ಕೋರ್ಸ್ ಮುಗಿದ ಮೇಲೆ ಸಂದರ್ಶನಕ್ಕೆ ಹೋದಾಗ ತಿಳಿಯಿತು, ಆ ಕೆಲಸಕ್ಕೆ ಅಂಥ ಡಿಪ್ಲೊಮಾದ ಅಗತ್ಯವೇ ಇರಲಿಲ್ಲ. ಪಿಯುಸಿ ಅಂಕಪಟ್ಟಿ, ಇಂಗ್ಲಿಷ್, ಹಿಂದಿ ಮಾತು ಸಾಕಿತ್ತು. ಅವನು ಕೊಂಡದ್ದು ಲೈಸೆನ್ಸ್ ಅಲ್ಲ, ಬರೀ ಕಾಗದ.

ಆದ್ದರಿಂದ ಸೇರುವ ಮೊದಲು ತಿಳಿದಿರಲಿ. ವಿಮಾನ ನಿಲ್ದಾಣದ ಗ್ರೌಂಡ್ ಸ್ಟಾಫ್ ಕೆಲಸಕ್ಕೆ ಡಿಜಿಸಿಎ ಲೈಸೆನ್ಸ್ ಎಂಬುದಿಲ್ಲ. ಕ್ಯಾಬಿನ್ ಸಿಬ್ಬಂದಿಗೆ ಆಯ್ಕೆಯಾದ ಮೇಲೆ ವಿಮಾನಯಾನ ಸಂಸ್ಥೆಯೇ ತರಬೇತಿ ಕೊಡುತ್ತದೆ. ಪೈಲಟ್ ಆಗಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ 18 ವರ್ಷ ವಯಸ್ಸು, ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ, ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ, 200 ಗಂಟೆ ಹಾರಾಟ ಮತ್ತು ಲಿಖಿತ ಪರೀಕ್ಷೆಗಳು. ಕಲಾ, ವಾಣಿಜ್ಯ ವಿಭಾಗದವರು ಆ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದು ಅರ್ಹರಾಗಬಹುದು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದ ನಂತರ ರೇಡಿಯೊ ಸಂವಹನದ ಪರೀಕ್ಷೆಯೂ ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎ ಕೈಗೆ ಬಂದಿದೆ. ವಿಮಾನ ನಿರ್ವಹಣಾ ಎಂಜಿನಿಯರ್ ಆಗಬೇಕಾದರೆ ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲೇ ಓದಬೇಕು. ಏರ್ ಟ್ರಾಫಿಕ್ ಕಂಟ್ರೋಲರ್ ಹುದ್ದೆಗೆ ವಿಮಾನ ನಿಲ್ದಾಣ ಪ್ರಾಧಿಕಾರ ಪರೀಕ್ಷೆ ನಡೆಸುತ್ತದೆ. ಭೌತಶಾಸ್ತ್ರ, ಗಣಿತದ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಓದಿದವರಿಗೆ ಇದು ಫೀಸಿಲ್ಲದ ಹಾದಿ. ಧಾರವಾಡದಲ್ಲಿ ಕೂತು ಓದುವ ನಮ್ಮಂಥವರು ಇದನ್ನು ಯಾಕೋ ಹೆಚ್ಚು ಗಮನಿಸುವುದಿಲ್ಲ.

ಹಾರಾಟ ತರಬೇತಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ. 2021ರಲ್ಲಿ ಪ್ರಾಧಿಕಾರ ಹೊಸ ತರಬೇತಿ ಕೇಂದ್ರಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಖರ್ಚು ಮಾತ್ರ ಸಾಮಾನ್ಯ ಕುಟುಂಬಕ್ಕೆ ನಿಲುಕದಷ್ಟು. ಸಾಲ ಮಾಡುವ ಮೊದಲು ಡಿಜಿಸಿಎ ವೆಬ್‌ಸೈಟ್‌ನ ಮಾನ್ಯತೆ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಇದೆಯೇ, ಮಾನ್ಯತೆಯ ಅವಧಿ ಮುಗಿದಿಲ್ಲವೇ ನೋಡಿ. ಹೆಸರು ಇಲ್ಲದಿದ್ದರೆ ಫ್ಲೆಕ್ಸ್ ಎಷ್ಟೇ ದೊಡ್ಡದಿರಲಿ, ನಮಸ್ಕಾರ ಹೇಳಿ ಹೊರಗೆ ಬನ್ನಿ.

ಗೆಳೆಯನ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ. ಬೇರೆ ಕಂಪನಿ ಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಕೆಲವು ಷರತ್ತುಗಳು ಹೇಳಿದವು, ಕೆಲವು ಸಾಲಗಳು ಹೇಳಿದವು, ನೆರವು ಮುಗಿದ ಮಾರ್ಗಗಳು ಹೇಳಿದವು. ಮುಂದಿನ ಸಲ ‘ಹೊಸ ವಿಮಾನ ಸಂಸ್ಥೆಗೆ ಒಪ್ಪಿಗೆ’ ಎಂಬ ಸುದ್ದಿ ಓದಿದಾಗ ಮೂರು ವಿಷಯ ನೋಡೋಣ. ಸಿಕ್ಕಿದ್ದು ಎನ್‌ಒಸಿಯೋ, ಎಒಸಿಯೋ? ಕೈಯಲ್ಲಿ ಎಷ್ಟು ವಿಮಾನ? ಅದರ ಪಟ್ಟಿಯಲ್ಲಿ ಹುಬ್ಬಳ್ಳಿಯಂಥ ಊರು ಎಷ್ಟು? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಸುದ್ದಿಯನ್ನು ಗ್ರೂಪಿಗೆ ಕಳಿಸೋಣ.